ಸೋತವರಿಗೂ ಅರ್ಥವಾಗುವ ಹಾಗೆ ಬರೆಯೋದು

ಪುಣೆಯಿಂದ ಬೆಳಿಗ್ಗೆ ಐದಕ್ಕೆ ಎದ್ದು ಬಂದವರಿದ್ದೀರಿ, ಸೊಲ್ಲಾಪುರ, ಕಲಬುರಗಿಯಿಂದ ಬಂದವರೂ ಇದ್ದೀರಿ. ಹಿಂಜವಡಿಯಲ್ಲಿ ಕೆಲಸ, ಭೀಮಾ ದಂಡೆಯ ಮೇಲೆ ಊರು ಅನ್ನೋ ನನ್ನಂಥವರಿಗೆ ಇಂದಾಪುರ ಅಂದ್ರೆ ಇಷ್ಟು ವರ್ಷ ಹೈವೇಯಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸೋ ಊರು, ಅಷ್ಟೇ. ಇವತ್ತು ಇಲ್ಲೇ ಕೂತು ಮಾತಾಡೋದು ಒಂಥರಾ ಖುಷಿ.

ಸಂಘಟಕರು ಕೊಟ್ಟ ವಿಷಯ, ಇಂಟರ್‌ನ್ಯಾಷನಲ್ ಕಮರ್ಷಿಯಲ್ ಆರ್ಬಿಟ್ರೇಟರ್ ಆಗೋಕೆ ಏನು ತರಬೇತಿ ಬೇಕು ಅನ್ನೋದು. ಮೊದಲು ಶಬ್ದದ ಗೊಂದಲ ಬಿಡಿಸ್ತೀನಿ. ಕನ್ನಡದಲ್ಲಿ ‘ಮಧ್ಯಸ್ಥಿಕೆ’ ಅಂತೀವಿ. ಅದೇ ಮಾತನ್ನ ಇಬ್ಬರ ನಡುವೆ ಕೂತು ರಾಜಿ ಮಾಡಿಸೋದಕ್ಕೂ ಬಳಸ್ತೀವಿ. ಇವೆರಡೂ ಬೇರೆ. ರಾಜಿ ಮಾಡಿಸೋನು ‘ಹಿಂಗ ಮಾಡ್ಕೋಳ್ರಪ್ಪಾ’ ಅಂತಾನೆ, ನೀವು ಒಲ್ಲೆ ಅನ್ನಬಹುದು. ಆರ್ಬಿಟ್ರೇಟರ್ ತೀರ್ಪು ಬರೀತಾನೆ, ಒಲ್ಲೆ ಅನ್ನೋಕಾಗಲ್ಲ. ಈ ಊರಿನ ಮರಾಠಿಯಲ್ಲಿ ಅದಕ್ಕೆ ‘ಲವಾದ’ ಅನ್ನೋ ಶಬ್ದ ಇದೆ. ಕೃಷ್ಣಾ ನೀರಿನ ಟ್ರಿಬ್ಯೂನಲ್‌ಗೂ ಮರಾಠಿ ಪತ್ರಿಕೆಗಳು ‘ಪಾಣಿ ತಂಟಾ ಲವಾದ’ ಅಂತಲೇ ಬರೆಯೋದು. ಇಲ್ಲಿಂದ ಸ್ವಲ್ಪ ದೂರ ಹೋದ್ರೆ ಉಜನಿ ಹಿನ್ನೀರು ಕಾಣುತ್ತೆ. ಆ ನೀರಿನ ಲೆಕ್ಕ ಬಚಾವತ್ ಟ್ರಿಬ್ಯೂನಲ್ ಹಂಚಿದ 2060 ಟಿಎಂಸಿಯೊಳಗೇ ಬರುತ್ತೆ: ಮಹಾರಾಷ್ಟ್ರಕ್ಕೆ 560, ನಮಗೆ 700, ಆಂಧ್ರಕ್ಕೆ 800. ಆದ್ರೆ ಅದು ಸರ್ಕಾರ ಕಾನೂನಿನ ಪ್ರಕಾರ ಕೂರಿಸಿದ ಪೀಠ. ನಾನು ಹೇಳ್ತಿರೋ ಆರ್ಬಿಟ್ರೇಟರ್‌ಗೆ ಅಧಿಕಾರ ಬರೋದು ಒಂದೇ ಕಡೆಯಿಂದ, ನೀವಿಬ್ಬರೂ ಕರಾರಿನ ಮೇಲೆ ಹಾಕಿದ ಸಹಿಯಿಂದ.

ಆ ಸಹಿ ನೀವೆಲ್ಲ ಹಾಕಿದ್ದೀರಿ. ಆಫರ್ ಲೆಟರ್, ಕ್ಲೈಂಟ್ ಜತೆಗಿನ ಎಂಎಸ್‌ಎ, ಸ್ಟಾರ್ಟಪ್‌ನ ಷೇರುದಾರರ ಕರಾರು, ಕೊನೆಗೆ ಕ್ಯಾಬ್ ಆ್ಯಪ್‌ನ ಷರತ್ತುಗಳಲ್ಲೂ ಕೊನೆಯ ಪುಟದ ಹತ್ತಿರ ಆ ಕ್ಲಾಸ್ ಇರುತ್ತೆ. ಯಾರೂ ಓದಲ್ಲ. ‘ಮಿಡ್‌ನೈಟ್ ಕ್ಲಾಸ್’ ಅನ್ನೋದು ಈ ವೃತ್ತಿಯ ಹಳೇ ಮಾತು. ಬೆಲೆ, ಡೆಡ್‌ಲೈನ್ ಎಲ್ಲ ಚೌಕಾಸಿ ಮುಗಿದು ಎಲ್ಲರೂ ಸುಸ್ತಾದ ಮೇಲೆ, ಮಧ್ಯರಾತ್ರಿ ಯಾವುದೋ ಹಳೇ ಕರಾರಿನಿಂದ ಕಾಪಿ ಮಾಡಿ ಅಂಟಿಸೋ ಕ್ಲಾಸ್ ಅದು.

ಇದರಿಂದ ಏನಾಗುತ್ತೆ ಅನ್ನೋದಕ್ಕೆ ಈ ತಾಲೂಕಿನದೇ ಒಂದು ಉದಾಹರಣೆ. ನನಗೆ ಪರಿಚಯದ ಒಬ್ಬರು ದಾಳಿಂಬೆ ರಫ್ತು ಮಾಡ್ತಾರೆ. ಒಂದು ಕಂಟೇನರ್ ಯುರೋಪಿಗೆ ಹೋಯ್ತು, ಹಣ್ಣು ಕೆಟ್ಟಿದೆ ಅಂತ ಖರೀದಿದಾರ ದುಡ್ಡು ತಡೆದ. ಕಂಟೇನರ್ ಒಳಗಿನ ತಾಪಮಾನದ ದಾಖಲೆ ಇವರ ಪರವಾಗಿತ್ತು. ಕರಾರು ತೆಗೆದು ನೋಡಿದ್ರೆ ಮೂವರು ಆರ್ಬಿಟ್ರೇಟರ್, ಸೀಟು ವಿದೇಶದ ನಗರ, ಕಾನೂನೂ ಅಲ್ಲಿಯದೇ. ಬರಬೇಕಾದ ಹಣ ಮೂವತ್ತು ಲಕ್ಷದ ಆಸುಪಾಸು. ಮೂವರ ಫೀಸಿನಲ್ಲಿ ಇವರ ಪಾಲಿನ ಮುಂಗಡ, ಅಲ್ಲಿನ ವಕೀಲರ ಖರ್ಚು ಕೂಡಿಸಿದ್ರೆ ಗೆದ್ದರೂ ಕೈಗೆ ಏನೂ ಉಳೀತಿರಲಿಲ್ಲ. ಸುಮ್ಮನಾದ್ರು. ಅದೇ ಕ್ಲಾಸಿನಲ್ಲಿ ‘ಒಬ್ಬನೇ ಆರ್ಬಿಟ್ರೇಟರ್, ದಾಖಲೆಗಳ ಮೇಲೆ ಮಾತ್ರ ತೀರ್ಮಾನ, ಸೀಟು ಮುಂಬೈ’ ಅಂತ ಒಂದು ಸಾಲು ಇದ್ದಿದ್ರೆ ಕಥೆ ಬೇರೆ ಆಗ್ತಿತ್ತು.

ಸೀಟು ಅಂದೆ. ಇದು ನಮ್ಮವರು ಅತಿ ಹೆಚ್ಚು ತಪ್ಪು ತಿಳ್ಕೊಳ್ಳೋ ಶಬ್ದ. ವಿಚಾರಣೆ ಎಲ್ಲಿ ನಡೆಯುತ್ತೆ ಅನ್ನೋದಲ್ಲ ಸೀಟು. ಎಲ್ಲರೂ ಇಂದಾಪುರಕ್ಕೇ ಬಂದು ಕೂರಬಹುದು, ಝೂಮ್‌ನಲ್ಲೂ ಸೇರಬಹುದು. ಸೀಟು ಸಿಂಗಾಪುರ ಅಂತಿದ್ರೆ ತೀರ್ಪು ಕಾನೂನಿನ ಕಣ್ಣಲ್ಲಿ ಸಿಂಗಾಪುರದ್ದು, ಅದನ್ನ ರದ್ದು ಮಾಡಿ ಅಂತ ಕೇಳೋದು ಅಲ್ಲಿನ ಕೋರ್ಟಿನಲ್ಲಿ. ನಮ್ಮ ಸುಪ್ರೀಂ ಕೋರ್ಟ್ 2012ರ ಬಾಲ್ಕೊ ತೀರ್ಪಿನಲ್ಲಿ ಇದನ್ನ ಸ್ಪಷ್ಟ ಮಾಡಿತು. ಇಬ್ಬರೂ ಭಾರತೀಯ ಕಂಪನಿಗಳಾಗಿದ್ರೂ ವಿದೇಶದ ಸೀಟು ಇಟ್ಕೋಬಹುದು ಅಂತ 2021ರಲ್ಲಿ ಇನ್ನೊಂದು ತೀರ್ಪು ಬಂತು.

ಈಗ ತರಬೇತಿ. ‘ನೀವು ಎಂಜಿನಿಯರ್, ಲಾಯರ್ ಅಲ್ಲ, ಹೆಂಗ್ ಆಗ್ತೀರಿ?’ ಎಲ್ಲರೂ ಕೇಳೋ ಪ್ರಶ್ನೆ ಇದು. ನಮ್ಮ 1996ರ ಕಾಯ್ದೆಯಲ್ಲಿ ಲಾಯರ್ ಆಗಿರಲೇಬೇಕು ಅಂತ ಎಲ್ಲೂ ಇಲ್ಲ, ಯಾವ ದೇಶದವರಾದರೂ ಆಗಬಹುದು. 2019ರಲ್ಲಿ ಎಂಟನೇ ಷೆಡ್ಯೂಲ್ ಅಂತ ಅರ್ಹತೆಯ ಪಟ್ಟಿಯೊಂದನ್ನ ಸೇರಿಸಿದ್ರು. ಅದರಲ್ಲಿ ಭಾರತದ ವಕೀಲರಿಗೆ, ಸಿಎಗಳಿಗೆ, ಎಂಜಿನಿಯರುಗಳಿಗೂ ಜಾಗ ಇತ್ತು, ವಿದೇಶಿ ವಕೀಲರಿಗೆ ಇರಲಿಲ್ಲ. ಲಂಡನ್ನಿನ ದೊಡ್ಡ ವಕೀಲನನ್ನ ಹೊರಗಿಟ್ಟು ಭಾರತವನ್ನ ಆರ್ಬಿಟ್ರೇಶನ್ ಹಬ್ ಮಾಡ್ತೀರಾ ಅಂತ ಟೀಕೆ ಬಂತು. 2021ರಲ್ಲಿ ಆ ಪಟ್ಟಿಯನ್ನೇ ಕಿತ್ತುಹಾಕಿದ್ರು. ಸರಿಯಾಗೇ ಮಾಡಿದ್ರು ಅಂತ ನನ್ನ ಅಭಿಪ್ರಾಯ.

ಅರ್ಹತೆ ಬೇಡ ಅಂದ ಮಾತ್ರಕ್ಕೆ ಕಲಿಕೆ ಬೇಡ ಅಂತಲ್ಲ. ಜಗತ್ತಿನಲ್ಲಿ ಹೆಚ್ಚು ಹೆಸರಿರೋದು ಲಂಡನ್ನಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್‌ಗೆ. 1915ರಲ್ಲಿ ಶುರುವಾದ ಸಂಸ್ಥೆ, ಭಾರತದಲ್ಲೂ ಶಾಖೆ ಇದೆ. ಮೊದಲು ಅಸೋಸಿಯೇಟ್, ಆಮೇಲೆ ಮೆಂಬರ್, ಆಮೇಲೆ ಫೆಲೋ. ಅದರಾಚೆ ಚಾರ್ಟರ್ಡ್ ಆರ್ಬಿಟ್ರೇಟರ್ ಅನ್ನೋ ಮೇಲ್ಪಂಕ್ತಿ ಇದೆ, ಅದು ನಮ್ಮಂಥ ಹೊಸಬರಿಗೆ ಸದ್ಯಕ್ಕಲ್ಲ. ಕರಾರು ಕಾನೂನು, ಆರ್ಬಿಟ್ರೇಶನ್ ಕಾನೂನು, ವಿಚಾರಣೆ ನಡೆಸೋ ಕ್ರಮ, ಇವನ್ನೆಲ್ಲ ಆಫೀಸ್ ಮಾಡ್ಕೊಂಡೇ ರಾತ್ರಿ ಕೂತು ಓದಬಹುದು. ನಾವು ಸರ್ಟಿಫಿಕೇಶನ್ ಪರೀಕ್ಷೆ ಬರೆದು ಬೆಳೆದ ಜನ, ಅದೇನು ದೊಡ್ಡದಲ್ಲ.

ದೊಡ್ಡದು ಅಂದ್ರೆ ಅವಾರ್ಡ್ ಬರೆಯೋ ಪರೀಕ್ಷೆ. ಕನ್ನಡದ ಸರ್ಕಾರಿ ಕಾಗದಗಳಲ್ಲಿ ‘ಐತೀರ್ಪು’ ಅಂತಾರಲ್ಲ, ಅದು. ಇಬ್ಬರ ವಾದ, ಸಾಕ್ಷಿ, ಪತ್ರವ್ಯವಹಾರ ಕೈಗೆ ಕೊಡ್ತಾರೆ. ಗಡುವಿನೊಳಗೆ, ಯಾವ ಕೋರ್ಟಿಗೆ ಹೋದ್ರೂ ನಿಲ್ಲೋ ಹಾಗೆ ಪೂರ್ತಿ ತೀರ್ಪು ಬರೆಯಬೇಕು. ಯಾರು ಯಾರು, ಕರಾರಿನ ಯಾವ ಕ್ಲಾಸಿನಿಂದ ನನಗೆ ಅಧಿಕಾರ ಬಂತು, ಯಾವ ಪ್ರಶ್ನೆಗೆ ಏನು ಉತ್ತರ, ಯಾಕೆ, ಬಡ್ಡಿ ಎಷ್ಟು, ಖರ್ಚು ಯಾರು ಹೊರಬೇಕು, ಸೀಟು, ತಾರೀಕು, ಸಹಿ. ಕೇಳಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬಾರದು, ಕೇಳಿದ ಒಂದು ಪ್ರಶ್ನೆಯನ್ನೂ ಬಿಡಬಾರದು.

ಇಲ್ಲಿ ನಮ್ಮ ಐಟಿ ಮಂದಿ ಬೀಳೋ ಗುಂಡಿ ಬೇರೆ. ನಮ್ಮ ಬ್ಯಾಚಿನಲ್ಲಿ ಒಬ್ಬ ಡೇಟಾಬೇಸ್ ಆರ್ಕಿಟೆಕ್ಟ್ ಇದ್ರು, ಭಾರೀ ಬುದ್ಧಿವಂತ. ಅಭ್ಯಾಸಕ್ಕೆ ಕೊಟ್ಟ ಪ್ರಕರಣ ಸಾಫ್ಟ್‌ವೇರ್ ತಡವಾದ ಜಗಳ. ಕ್ಲೈಂಟ್ ಹೇಳೋದು ಕೋಡ್ ಸರಿ ಇಲ್ಲ ಅಂತ, ವೆಂಡರ್ ಹೇಳೋದು ಕ್ಲೈಂಟ್ ದಿನಾ ಬೇಡಿಕೆ ಬದಲಿಸಿದ ಅಂತ. ಇವರು ಲಾಗ್ ನೋಡಿದ್ರು, ಇಂಡೆಕ್ಸ್ ಇಲ್ಲದ್ದೇ ಮೂಲ ಕಾರಣ ಅಂತ ಕಂಡುಹಿಡಿದ್ರು, ಅದರ ಮೇಲೆ ಚಂದದ ತೀರ್ಪು ಬರೆದ್ರು. ಪಾಠ ಮಾಡೋರು ಅಂಚಿನಲ್ಲಿ ಬರೆದದ್ದು ಒಂದೇ ಸಾಲು: ‘ಇದನ್ನ ನಿಮಗೆ ಯಾರು ಹೇಳಿದ್ರು?’ ಇಬ್ಬರಲ್ಲಿ ಒಬ್ಬರೂ ಇಂಡೆಕ್ಸ್ ವಿಷಯ ಎತ್ತಿರಲಿಲ್ಲ. ನಿಮಗೆ ತಾಂತ್ರಿಕ ಜ್ಞಾನ ಇದೆ ಅಂತಲೇ ನಿಮ್ಮನ್ನ ನೇಮಿಸ್ತಾರೆ, ನಿಜ. ಆದ್ರೆ ನಿಮ್ಮ ತಲೆಯಲ್ಲಿ ಹೊಳೆದ ಕಾರಣವನ್ನ ಇಬ್ಬರ ಮುಂದೂ ಇಡಬೇಕು, ‘ಇದಕ್ಕೆ ನೀವೇನಂತೀರಿ’ ಅಂತ ಕೇಳಬೇಕು, ಆಮೇಲೆ ಬರೆಯಬೇಕು. ನಮ್ಮ ಕಾಯ್ದೆಯ 18ನೇ ಸೆಕ್ಷನ್ ಹೇಳೋದೂ ಇಷ್ಟೇ, ಇಬ್ಬರನ್ನೂ ಸಮಾನವಾಗಿ ನೋಡು, ಹೇಳಿಕೊಳ್ಳೋಕೆ ಪೂರ್ತಿ ಅವಕಾಶ ಕೊಡು. ಹದಿನೈದು ವರ್ಷ ರೂಟ್ ಕಾಸ್ ಹುಡುಕೋದೇ ಕಸುಬಾಗಿದ್ದವರಿಗೆ ಬಾಯಿ ಮುಚ್ಕೊಂಡು ಕೇಳಿಸಿಕೊಳ್ಳೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಅರ್ಥವಾಗುವ ಹಾಗೆ ಬರೆಯೋದರ ಬಗ್ಗೆ ಇದೇ ಊರಿನ ಒಂದು ಹಳೇ ಕಥೆ ಇದೆ, ಸ್ವಲ್ಪ ದಾರಿ ಬಿಡ್ತೀನಿ. ಪೇಶ್ವೆ ಆಡಳಿತ ಹೋದ ಮೇಲೆ ಪ್ರಿಂಗಲ್ ಅನ್ನೋ ಇಂಗ್ಲಿಷ್ ಅಧಿಕಾರಿ ಈ ಭಾಗದ ಭೂಮಿ ಅಳೆಸಿ, ಅರ್ಥಶಾಸ್ತ್ರದ ಪುಸ್ತಕದ ಲೆಕ್ಕದಲ್ಲಿ ಕಂದಾಯ ಕಟ್ಟಿದ. ಲೆಕ್ಕ ಅಷ್ಟು ಜಟಿಲ, ಹೊರೆ ಅಷ್ಟು ಭಾರ. ರೈತರು ಹೊಲ ಬಿಟ್ಟು ಹೋದ್ರು. ಆಮೇಲೆ 1835ರ ಹೊತ್ತಿಗೆ ಗೋಲ್ಡ್‌ಸ್ಮಿಡ್, ವಿಂಗೇಟ್ ಸರಳವಾದ ಹೊಸ ಸರ್ವೆ ಶುರು ಮಾಡಿದ್ದು ಇದೇ ಇಂದಾಪುರ ತಾಲೂಕಿನಲ್ಲಿ. ಅದೇ ಪದ್ಧತಿ ಮುಂದೆ ಧಾರವಾಡ, ಬೆಳಗಾವಿ, ವಿಜಯಪುರ ಕಡೆಗೂ ಬಂತು. ತೀರ್ಪು ಬರೆಯೋಕೆ ಕೂತಾಗ ನನಗೆ ಪ್ರಿಂಗಲ್ ಸಾಹೇಬ ನೆನಪಾಗ್ತಾನೆ. ಗೆದ್ದವನು ಕೊನೆಯ ಪುಟ ಮಾತ್ರ ಓದ್ತಾನೆ. ಸೋತವನು ಒಂದೊಂದು ಸಾಲನ್ನೂ ಓದ್ತಾನೆ, ಅವನ ವಕೀಲ ಎರಡು ಸಲ ಓದ್ತಾನೆ.

ಆ ಓದು ಎಷ್ಟು ವರ್ಷ ನಡೀಬಹುದು ಅನ್ನೋದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಆ್ಯಂಟ್ರಿಕ್ಸ್ ಮತ್ತು ದೇವಾಸ್. ಇಸ್ರೋದ ವಾಣಿಜ್ಯ ಅಂಗಕ್ಕೂ ಒಂದು ಖಾಸಗಿ ಕಂಪನಿಗೂ 2005ರಲ್ಲಿ ಉಪಗ್ರಹದ ಕರಾರು ಆಯ್ತು, 2011ರಲ್ಲಿ ರದ್ದಾಯ್ತು. 2015ರಲ್ಲಿ ಮೂವರ ಪೀಠ 56.25 ಕೋಟಿ ಡಾಲರ್ ಕೊಡಬೇಕು ಅಂತ ಹೇಳಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಆ ಕಂಪನಿ ವಂಚನೆಯ ಉದ್ದೇಶಕ್ಕೇ ಹುಟ್ಟಿದ್ದು ಅಂತ ಅದನ್ನ ಮುಚ್ಚೋ ಆದೇಶ ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟ್ ತೀರ್ಪನ್ನೇ ರದ್ದು ಮಾಡಿತು. ಅಷ್ಟಾದರೂ 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಲ್ಲಿನ ಕೋರ್ಟುಗಳ ಅಧಿಕಾರವ್ಯಾಪ್ತಿಯ ಒಂದು ಪ್ರಶ್ನೆಯನ್ನ ದೇವಾಸ್ ಪರವಾಗಿ ತೀರ್ಮಾನಿಸಿ ಪ್ರಕರಣ ಕೆಳಗೆ ಕಳಿಸಿತು. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ 170ಕ್ಕೂ ಹೆಚ್ಚು ದೇಶ ಸೇರಿರೋದ್ರಿಂದ ಒಂದು ತೀರ್ಪು ಹೀಗೆ ಊರೂರು ತಿರುಗಬಹುದು.

ದೊಡ್ಡವರ ಕಥೆ ಬಿಡಿ. ಚೆನ್ನೈನ ಒಂದು ಸಾಫ್ಟ್‌ವೇರ್ ಕಂಪನಿಯ ಉಪಾಧ್ಯಕ್ಷೆ, ನಮ್ಮಂಥ ಉದ್ಯೋಗಿನೇ. 2006ರಲ್ಲಿ ಸೇರಿದ್ರು, ಲೈಂಗಿಕ ಕಿರುಕುಳದ ದೂರು ಹೇಳಿ ರಾಜೀನಾಮೆ ಕೊಟ್ರು. ಜಗಳ ಆರ್ಬಿಟ್ರೇಶನ್‌ಗೆ ಹೋಯ್ತು, 2 ಕೋಟಿ ಪರಿಹಾರ ಬಂತು. ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ 1.6 ಕೋಟಿ ಹೆಚ್ಚು ಕೊಟ್ಟಿತು, ವಿಭಾಗೀಯ ಪೀಠ ಆ ಹೆಚ್ಚುವರಿಯನ್ನ 50 ಸಾವಿರಕ್ಕೆ ಇಳಿಸಿತು. ಆರ್ಬಿಟ್ರೇಟರ್ ಬರೆದದ್ದನ್ನ ಕೋರ್ಟ್ ತಿದ್ದಬಹುದಾ ಅನ್ನೋ ಪ್ರಶ್ನೆ ಐವರು ನ್ಯಾಯಮೂರ್ತಿಗಳ ತನಕ ಹೋಗಿ, 2025ರ ಏಪ್ರಿಲ್‌ನಲ್ಲಿ 4:1ರಲ್ಲಿ ‘ಕೆಲವು ಸಂದರ್ಭಗಳಲ್ಲಿ ಮಾತ್ರ ತಿದ್ದಬಹುದು’ ಅಂತ ಆಯ್ತು. ಲೆಕ್ಕ ಹಾಕಿ, ಸುಮಾರು ಹದಿನೆಂಟು ವರ್ಷ. ಆರ್ಬಿಟ್ರೇಶನ್ ಅಂದ್ರೆ ಬೇಗ ಮುಗಿಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ಇದನ್ನ ನೆನಪಿಸಿ.

ನಿಮ್ಮ ಉದ್ಯೋಗದ ಕರಾರಿನಲ್ಲಿ ‘ಆರ್ಬಿಟ್ರೇಟರ್‌ನನ್ನ ಕಂಪನಿಯೇ ನೇಮಿಸುತ್ತದೆ’ ಅಂತ ಇದ್ರೆ ಅದನ್ನ ಪ್ರಶ್ನಿಸೋ ಹಕ್ಕು ನಿಮಗಿದೆ. ಜಗಳದಲ್ಲಿ ಆಸಕ್ತಿ ಇರೋನು ತಾನೊಬ್ಬನೇ ಏಕೈಕ ಆರ್ಬಿಟ್ರೇಟರ್‌ನನ್ನ ಆರಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ ಹೇಳಿದೆ. ಇದೊಂದು ಮಾತಿಗಾದರೂ ನೀವು ಇಲ್ಲಿ ತನಕ ಬಂದದ್ದು ಸಾರ್ಥಕ.

ನಂಟಿನ ವಿಷಯಕ್ಕೂ ತರಬೇತಿಯಲ್ಲಿ ಬಹಳ ಹೊತ್ತು ಕೊಡ್ತಾರೆ. ಅಂತರರಾಷ್ಟ್ರೀಯ ವಕೀಲರ ಸಂಘದ ಮಾರ್ಗಸೂಚಿಯಲ್ಲಿ ಕೆಂಪು, ಕಿತ್ತಳೆ, ಹಸಿರು ಪಟ್ಟಿಗಳಿವೆ. ಕೆಂಪಿನಲ್ಲಿ ಕೆಲವಕ್ಕೆ ಇಬ್ಬರೂ ಒಪ್ಪಿದರೂ ಕೂರೋ ಹಾಗಿಲ್ಲ, ಕಿತ್ತಳೆ ಇದ್ರೆ ಮೊದಲೇ ಬಾಯಿಬಿಟ್ಟು ಹೇಳಬೇಕು, ಹಸಿರಿಗೆ ಹೇಳೋ ಅಗತ್ಯ ಇಲ್ಲ. ನಮ್ಮ ಕಡೆ ಬೀಗರು, ಬೀಗರ ಬೀಗರು, ಒಂದೇ ಮಠದ ಭಕ್ತರು ಅಂತ ಎಲ್ಲರೂ ಎಲ್ಲರಿಗೂ ಏನಾದ್ರೂ ಆಗಬೇಕಲ್ಲ! ಅನುಮಾನ ಬಂದ್ರೆ ಹೇಳಿಬಿಡೋದೇ ರೂಢಿ ಮಾಡ್ಕೊಳ್ಳಿ.

ಕೊನೆಗೆ ದುಡ್ಡಿನ ಮಾತು, ಯಾಕಂದ್ರೆ ಅದನ್ನ ಕೇಳೇ ಕೇಳ್ತೀರಿ. ಸರ್ಟಿಫಿಕೇಟ್ ಬಂದ ಮರುದಿನ ಯಾರೂ ಫೋನ್ ಮಾಡಲ್ಲ. ಸಂಬಳದ ಕೆಲಸ ಬಿಡಬೇಡಿ. ಮೊದಲ ನೇಮಕ ಸಿಗೋದೇ ಕಷ್ಟ, ಎಲ್ಲರೂ ನಿವೃತ್ತ ನ್ಯಾಯಮೂರ್ತಿಗಳ ಹಿಂದೆ ಹೋಗ್ತಾರೆ. ಹಿರಿಯ ಆರ್ಬಿಟ್ರೇಟರ್ ಒಬ್ಬರಿಗೆ ಟ್ರಿಬ್ಯೂನಲ್ ಸೆಕ್ರೆಟರಿಯಾಗಿ ಕಡತ ಜೋಡಿಸೋದರಿಂದ ಶುರು ಮಾಡಿ. ಬೆಂಗಳೂರಿನಲ್ಲಿ ಹೈಕೋರ್ಟ್ 2012ರಲ್ಲಿ ಶುರು ಮಾಡಿದ ಆರ್ಬಿಟ್ರೇಶನ್ ಕೇಂದ್ರ ಇದೆ, ಮುಂಬೈನಲ್ಲಿ 2016ರಿಂದ ಎಂಸಿಐಎ ಇದೆ. ನಿಮಗೆ ಹತ್ತಿರದ್ದು ಇನ್ನೊಂದು: ಡಾಟ್ ಇನ್ ಡೊಮೇನ್ ಹೆಸರಿನ ಜಗಳಗಳು. ನಿಕ್ಸಿ ಸಂಸ್ಥೆ ಒಬ್ಬನೇ ಆರ್ಬಿಟ್ರೇಟರ್‌ಗೆ ಕೊಡುತ್ತೆ, 60 ದಿನದ ಗಡುವು. ಮೊತ್ತ ದೊಡ್ಡದಲ್ಲ, ಆದ್ರೆ ಪೂರ್ತಿ ತೀರ್ಪು ಬರೆಯೋ ಅಭ್ಯಾಸ ಆಗುತ್ತೆ.

ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ ಅಂತಿದ್ದಾರೆ. ಕರಾರು ಮೊಬೈಲ್‌ನಲ್ಲಿ ಇಟ್ಕೊಂಡು ಬಂದವರು ಇದ್ರೆ ತೆಗೀರಿ, ಆ ಕ್ಲಾಸ್ ಏನು ಹೇಳುತ್ತೆ ನೋಡೋಣ. ಮುಂದಿನ ಸಾಲಿನ ಅಕ್ಕಾವ್ರೇ, ಮೊದಲು ನಿಮ್ಮದು ಓದಿ.