ಸಾಲದ ಲೆಕ್ಕಕ್ಕೆ ಯಾವ ಗೂಢಲಿಪಿ?

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಅಂಥ ಸಂಘಗಳ ಕಿರ್ದಿ, ಖಾತೆಗಳನ್ನೆಲ್ಲ ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಇನ್ನು ಶಿರಹಟ್ಟಿ, ಮುಂಡರಗಿ ಕಡೆಯ ರೈತರ ಬೆಳೆಸಾಲದ ಪಟ್ಟಿಯಿರುವ ಲ್ಯಾಪ್‌ಟಾಪನ್ನು ಯಾರಾದರೂ ಬಸ್ಸಿನಲ್ಲಿ ಮರೆತು ಇಳಿದರೆ?

ಪಾಸ್‌ವರ್ಡ್ ಇದೆಯಲ್ಲ ಅನ್ನಬೇಡಿ. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಎಲ್ಲವೂ ಬಯಲು. ಡಿಸ್ಕಿನ ಬರಹವನ್ನೇ ಗೂಢಲಿಪಿಯಾಗಿಸಬೇಕು. ಅದಕ್ಕೆ ಬಹುತೇಕ ಎಲ್ಲರೂ ನಂಬುವುದು ಎಇಎಸ್ ಎಂಬ ವಿಧಾನವನ್ನು. ಅದು ಒಂದು ಸಲಕ್ಕೆ 16 ಬೈಟ್ ಮಾತ್ರ ನುಂಗುತ್ತದೆ. ಯುಟಿಎಫ್-8 ಬರವಣಿಗೆಯಲ್ಲಿ ‘ಲಕ್ಷ್ಮೇಶ್ವರ’ ಎಂಬ ಹೆಸರಿಗೇ 33 ಬೈಟ್ ಬೇಕು. ಎರಡು ತುತ್ತಿಗೂ ಮುಗಿಯದು. ಹಾಗಾಗಿ ತುಂಡುಗಳನ್ನು ಯಾವ ಕ್ರಮದಲ್ಲಿ ಗೂಢವಾಗಿಸುವುದು ಎಂಬುದೇ ಪ್ರಶ್ನೆ. ಆ ಕ್ರಮಕ್ಕೆ ಮೋಡ್ ಎನ್ನುತ್ತಾರೆ.

ಎಲ್ಲಕ್ಕಿಂತ ಸುಲಭದ್ದು ಇಸಿಬಿ. ಪ್ರತಿ ತುಂಡಿಗೂ ಅದೇ ಕೀಲಿ, ಅದೇ ಲೆಕ್ಕ. ಒಂದೇ ತರಹದ ತುಂಡು ಎಲ್ಲಿ ಬಂದರೂ ಒಂದೇ ಗೂಢರೂಪ. ಬೆಟಗೇರಿಯ ಮಗ್ಗದಲ್ಲಿ ನೂಲಿನ ಬಣ್ಣ ಬದಲಿಸಿದರೂ ಚೌಕಡಿ ಚೌಕಡಿಯಾಗಿಯೇ ಕಾಣುವುದಿಲ್ಲವೇ, ಹಾಗೆ. ಡಿಸ್ಕಿಗೆ ಇದನ್ನು ಯಾರೂ ಬಳಸಬಾರದು.

ಸಿಬಿಸಿಯಲ್ಲಿ ಪ್ರತಿ ತುಂಡೂ ಹಿಂದಿನದರ ಜೊತೆ ಬೆರೆಯುತ್ತದೆ. ವಿನ್ಯಾಸ ಮರೆಯಾಗುತ್ತದೆ, ನಿಜ. ಆದರೆ ಗೂಢಬರಹದ ಒಂದು ಬಿಟ್ ತಿರುಗಿಸಿದರೆ ಆ ತುಂಡು ಕೆಟ್ಟು, ಮುಂದಿನ ತುಂಡಿನಲ್ಲಿ ಬೇಕಾದ ಬಿಟ್ಟೇ ಬದಲಾಗುತ್ತದೆ. ಕೀಲಿ ಗೊತ್ತಿಲ್ಲದೆಯೂ ಲಿನಕ್ಸ್ ಡಿಸ್ಕಿನೊಳಗೆ ಹೀಗೆ ಕಳ್ಳದಾರಿ ಕೊರೆಯಬಹುದೆಂದು 2013ರಲ್ಲಿ ಮಾಡಿಯೇ ತೋರಿಸಿದರು.

ಹಾಗಾದರೆ ತಿದ್ದುಪಡಿ ಹಿಡಿಯುವ ಜಿಸಿಎಂ ಇದೆಯಲ್ಲ? ಜಾಲದ ಸಂದೇಶಗಳಿಗೆ ಅದು ಸೊಗಸು. ಆದರೆ ಡಿಸ್ಕ್ ಒಂದು ಸಲಕ್ಕೆ ಓದಿ ಬರೆಯುವ ಕಂತು, ಅಂದರೆ ಸೆಕ್ಟರ್, 512 ಅಥವಾ 4096 ಬೈಟಿನದು, ಪೂರ್ತಿ ತುಂಬಿರುತ್ತದೆ. ಜಿಸಿಎಂ ಕೇಳುವ ಹೆಚ್ಚುವರಿ ಮುದ್ರೆಗೆ ಅಲ್ಲಿ ಜಾಗವಿಲ್ಲ.

ಈ ಇಕ್ಕಟ್ಟಿಗೆಂದೇ ಬಂದದ್ದು ಎಕ್ಸ್‌ಟಿಎಸ್. ಅದು 2007ರಲ್ಲಿ ಐಇಇಇ ಮಾನಕವಾಯಿತು, 2010ರಲ್ಲಿ ಅಮೆರಿಕದ ನಿಸ್ಟ್ ಒಪ್ಪಿತು. ಸೆಕ್ಟರಿನ ಸಂಖ್ಯೆ, ತುಂಡಿನ ಸ್ಥಾನ ಎರಡನ್ನೂ ಲೆಕ್ಕಕ್ಕೆ ಬೆರೆಸುವುದರಿಂದ ಒಂದೇ ಹೆಸರು ಎರಡು ಕಡೆ ಬರೆದರೆ ಎರಡು ಬೇರೆ ರೂಪ. ವಿಂಡೋಸಿನ ಬಿಟ್‌ಲಾಕರ್ 2015ರಿಂದ ಇದನ್ನು ಬಳಸುತ್ತಿದೆ. ಲಿನಕ್ಸಿನಲ್ಲಿ 512 ಬಿಟ್ ಕೀಲಿ ಎಂದು ಕಂಡರೆ ಬೀಗಬೇಡಿ. ಅದು 256ರ ಎರಡು ಕೀಲಿಗಳು.

ನನ್ನನ್ನು ಕೇಳಿದರೆ ಎಕ್ಸ್‌ಟಿಎಸ್ ಆರಿಸಿ, ಕೆಲಸ ಮುಗಿದ ಮೇಲೆ ಯಂತ್ರವನ್ನು ಪೂರ್ತಿ ಆರಿಸಿ. ಬರೀ ನಿದ್ದೆಗೆ ಹಾಕಿದರೆ ಕೀಲಿ ಮೆಮೊರಿಯಲ್ಲೇ ಉಳಿದಿರುತ್ತದೆ. ಯಾರೋ ಕೈಯಾಡಿಸಿದ್ದಾರೆಂದು ಎಕ್ಸ್‌ಟಿಎಸ್ ಹೇಳುವುದಿಲ್ಲ; ಆ 16 ಬೈಟ್ ಕಸವಾಗಿ ತೆರೆದುಕೊಳ್ಳುತ್ತದೆ, ಅಷ್ಟೆ. ಸಾಲದ ಮೊತ್ತ ತಿದ್ದಿದ್ದು ಪತ್ತೆಯಾಗಬೇಕಿದ್ದರೆ ಲೆಕ್ಕದ ತಂತ್ರಾಂಶವೇ ಬೇರೊಂದು ಮುದ್ರೆ ಇಟ್ಟುಕೊಳ್ಳಬೇಕು.