ವೇತನ ಕೊಟ್ಟರೆ ಸಾಲದು, ಮನೆಯೂ ಬೇಕು



ಹೊರದೇಶದಲ್ಲಿ ಸ್ನಾತಕೋತ್ತರ ಓದು ಬಯಸುವ ಆಫ್ರಿಕಾದ ವಿದ್ಯಾರ್ಥಿಗಳಿಗೆ ಸಿಗುವ ವೇತನ ಇಂದಿನ ವಿಷಯ. ಇದನ್ನು ಇದೇ ಮುಂಬೈಯಿಂದ ಹೊರಟ ಒಬ್ಬ ವಿದ್ಯಾರ್ಥಿಯ ಕತೆಯಿಂದ ಆರಂಭಿಸುತ್ತೇನೆ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಭೀಮರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. 1915ರಲ್ಲಿ ಎಂ.ಎ. ಆಯಿತು. ಲಂಡನ್ನಿನಲ್ಲಿ ಓದು ಅರ್ಧದಲ್ಲಿರುವಾಗಲೇ ವೇತನದ ಅವಧಿ ತೀರಿ, 1917ರಲ್ಲಿ ಹಿಂದಿರುಗಬೇಕಾಯಿತು. ಕರಾರಿನಂತೆ ಬರೋಡಕ್ಕೆ ಹೋದರೆ ತಂಗಲು ಜಾಗವಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಗುರುತು ಮರೆಸಿಕೊಂಡು ಉಳಿದರು. ಜಾತಿ ತಿಳಿದ ಕೂಡಲೇ ದೊಣ್ಣೆ ಹಿಡಿದು ಬಂದವರು ಅವರನ್ನು ಅಲ್ಲಿಂದಲೂ ಹೊರಹಾಕಿದರು. ಅರಸನ ಹಣದಲ್ಲಿ ಓದಿ ಬಂದವರಿಗೆ ಆ ಅರಸನ ಊರಿನಲ್ಲೇ ಒಂದು ಕೋಣೆ ಸಿಗಲಿಲ್ಲ. ಮುಂಬೈಗೆ ಮರಳಿ, ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ, ಸಂಬಳದಲ್ಲಿ ಉಳಿಸಿದ್ದಕ್ಕೆ ಕೊಲ್ಹಾಪುರದ ಶಾಹೂ ಮಹಾರಾಜರ ನೆರವನ್ನೂ ಗೆಳೆಯನ ಸಾಲವನ್ನೂ ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು.

ಈಗ ಕೊಡುವ ಜಾಗದಲ್ಲಿ ನಾವಿದ್ದೇವೆ. 1950ರಲ್ಲಿ ಮೌಲಾನಾ ಆಜಾದರು ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಆಫ್ರಿಕಾದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ, ತಿಂಗಳ ವೇತನ, ಮನೆಬಾಡಿಗೆ ಭತ್ಯೆ ಕೊಡುತ್ತದೆ. 2015ರಲ್ಲಿ ದೆಹಲಿಯಲ್ಲಿ ನಡೆದ ಭಾರತ–ಆಫ್ರಿಕಾ ಶೃಂಗಸಭೆಯಲ್ಲಿ ಐದು ವರ್ಷಗಳಿಗೆ 50,000 ವಿದ್ಯಾರ್ಥಿವೇತನಗಳನ್ನು ಘೋಷಿಸಲಾಯಿತು. ಇದರಿಂದ ಏನಾದೀತು ಎನ್ನುವವರು ಮಲಾವಿಯ ಕಡೆ ನೋಡಲಿ. ಬಿಂಗು ವಾ ಮುಥರಿಕಾ 1960ರ ದಶಕದಲ್ಲಿ ವಿದ್ಯಾರ್ಥಿವೇತನದ ಮೇಲೆ ಭಾರತಕ್ಕೆ ಬಂದು, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಎಂ.ಎ. ಮಾಡಿದರು. 2004ರಲ್ಲಿ ತಮ್ಮ ದೇಶದ ಅಧ್ಯಕ್ಷರಾದರು. ನೆರವು ನೀಡುವ ದೇಶಗಳು ಹುಬ್ಬುಗಂಟಿಕ್ಕಿದರೂ ಸಣ್ಣ ರೈತರಿಗೆ ಗೊಬ್ಬರ, ಬೀಜಕ್ಕೆ ಸಹಾಯಧನ ಕೊಟ್ಟರು. 2005ರಲ್ಲಿ ಹಸಿವಿನಿಂದ ನರಳಿದ ಮಲಾವಿ 2007ರ ಹೊತ್ತಿಗೆ ಮೆಕ್ಕೆಜೋಳವನ್ನು ಹೊರಗೆ ಮಾರುವಂತಾಯಿತು. ಅವರ ಕೊನೆಯ ವರ್ಷಗಳ ಆಡಳಿತವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಈ ಕೆಲಸ ದೊಡ್ಡದು.

ಇನ್ನೊಂದು ಮುಖವನ್ನು ಕನ್ನಡಿಗನಾಗಿ ನೋವಿನಿಂದ ಹೇಳುತ್ತೇನೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ಭಾಗದಲ್ಲಿ ಸೂಡಾನಿನ ಒಬ್ಬ ಯುವಕನ ಕಾರು ಮಹಿಳೆಯೊಬ್ಬರ ಸಾವಿಗೆ ಕಾರಣವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದೆಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಅಪಘಾತಕ್ಕೂ ಆ ಹುಡುಗಿಗೂ ಸಂಬಂಧವೇ ಇರಲಿಲ್ಲ. ಅವಳ ಮೈಬಣ್ಣವೊಂದೇ ಗುಂಪಿಗೆ ಸಾಕಾಯಿತು. ಓದಲು ಬಂದವರನ್ನು ಹೀಗೆ ನಡೆಸಿಕೊಂಡ ಮೇಲೆ ಯಾವ ಶೃಂಗಸಭೆಯ ಅಂಕಿಸಂಖ್ಯೆಗೂ ಬೆಲೆಯಿಲ್ಲ.

ಮುಂಬೈಯಲ್ಲಿ ದೊಣ್ಣೆ ಹಿಡಿಯದೆಯೂ ಹೊರಗಿಡುವ ಕೆಲಸ ನಡೆಯುತ್ತದೆ. ಏಜೆಂಟರು "ರೂಮ್ ಹೋಯಿತು" ಅನ್ನುತ್ತಾರೆ. ಸೊಸೈಟಿಯವರು ಒಪ್ಪಿಗೆಪತ್ರ ಕೊಡುವುದಿಲ್ಲ. ಹಾಸ್ಟೆಲಿನಲ್ಲಿ ಜಾಗ ಸಿಗದ ಹುಡುಗನ ಕೈಯಲ್ಲಿ ಬಾಡಿಗೆ ಭತ್ಯೆ ಇದ್ದೂ ಬಾಗಿಲು ಮುಚ್ಚಿರುತ್ತದೆ. ಯಾವ ಜಾತಿ, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂಬ ಪ್ರಶ್ನೆಗಳನ್ನು ಎದುರಿಸಿದ ಕನ್ನಡಿಗರು ಈ ಸಭೆಯಲ್ಲೂ ಇದ್ದಾರೆ.

ಈಜಿಪ್ಟಿನಿಂದ ಬಂದ ಸಂತನೆಂದು ಜನ ನಂಬುವ ಶೇಖ್ ಮಿಸ್ರಿಯ ದರ್ಗಾ ಇರುವ ಗುಡ್ಡ ಈ ಆಂಟಾಪ್ ಹಿಲ್. ಇಲ್ಲಿ ಸ್ವಂತ ಫ್ಲ್ಯಾಟ್ ಇರುವವರಲ್ಲಿ, ಸೊಸೈಟಿಯ ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ವಿದೇಶಿಯರಿಗೆ ಮನೆ ಕೊಟ್ಟರೆ ಪೊಲೀಸ್ ತೊಂದರೆ ಎಂಬ ಭಯ ಬೇಡ. ಹನ್ನೊಂದು ತಿಂಗಳ ಕರಾರನ್ನು ನೋಂದಾಯಿಸಿ. ಬಾಡಿಗೆದಾರ ಬಂದ 24 ಗಂಟೆಗಳೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸರ್ಕಾರಕ್ಕೆ ಸಲ್ಲಿಸಿ. ಈ ವರ್ಷ ನಿಮ್ಮ ಒಂದು ಕೋಣೆ ಆಫ್ರಿಕಾದ ಒಬ್ಬ ವಿದ್ಯಾರ್ಥಿಗೆ ಸಿಗಲಿ.