ಫ್ರಾನ್ಸಿನ ಸಮದಾರಿಗಳೂ ದುಡಿಯುವವನ ಸೈಕಲ್ಲೂ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಫ್ರಾನ್ಸ್ ದೇಶದ ಸೈಕಲ್ ದಾರಿಗಳ ಬಗ್ಗೆ ಭಾಷಣವಿದೆಯೆಂದು ಬಾಗಿಲಿನ ಹಲಗೆಯ ಮೇಲೆ ಬರೆದುದನ್ನು ಓದಿ ಕೆಲವರಿಗೆ ನಗು ಬಂದಿರಬಹುದು. ಹೋಟೆಲಿನ ಮಾಣಿಗೂ ಗಿರಣಿಯ ಕೆಲಸಗಾರನಿಗೂ ಫ್ರಾನ್ಸಿನ ದಾರಿ ಏತಕ್ಕೆ ಎಂದು ಕೇಳುವವರೂ ಇದ್ದಾರು. ಕೇಳಲಿ. ಆ ದಾರಿಗಳನ್ನು ಅಗೆದವರು ಯಾರು, ರಜೆ ಸಿಕ್ಕಿದ ವರ್ಷ ಅವುಗಳ ಮೇಲೆ ಗುಂಪುಗುಂಪಾಗಿ ಹೊರಟವರು ಯಾರು ಎಂಬುದನ್ನು ತಿಳಿದ ಮೇಲೆ, ಇದು ದೂರದವರ ಕಥೆಯೆಂದು ನಿಮಗೆ ತೋರಲಾರದು.

ಫ್ರಾನ್ಸ್ ಎಂದೊಡನೆ ಸೈಕಲ್ ಪ್ರಿಯರಿಗೆ ಟೂರ್ ದ ಫ್ರಾನ್ಸ್ ಪಂದ್ಯ ನೆನಪಾಗುತ್ತದೆ. ಆಲ್ಪ್ಸ್, ಪಿರಿನೀಸ್ ಬೆಟ್ಟಗಳನ್ನು ಏದುಸಿರು ಬಿಡುತ್ತಾ ಹತ್ತುವ ಶೂರರ ಚಿತ್ರ ಕಣ್ಣ ಮುಂದೆ ಬರುತ್ತದೆ. ಅದು ಪಗಾರ ತೆಗೆದುಕೊಂಡು ತುಳಿಯುವವರ ಮಾತಾಯಿತು. ವಾರವೆಲ್ಲ ನಿಂತು ದುಡಿದು ಕಾಲು ಬೀಗಿದವನಿಗೆ ಬೇಕಾದುದು ಎರಡೇ: ಏರಿಲ್ಲದ ದಾರಿ, ಲಾರಿಯಿಲ್ಲದ ದಾರಿ. ಅಂಥ ದಾರಿ ಆ ದೇಶದಲ್ಲಿ ಬಹಳ ಇದೆ. ಭೂಮಿ ತಾನಾಗಿ ಅಷ್ಟು ಸಮವಾಗಿರುವುದಿಲ್ಲ. ಬಹುಮಟ್ಟಿಗೆ ಅದನ್ನು ಸಮಮಾಡಿದವರು ಕೂಲಿಗಳು.

ಮೊದಲು ಕಾಲುವೆಗಳನ್ನು ನೋಡೋಣ. ರೈಲು ಬರುವ ಮುನ್ನ ಸರಕು ದೋಣಿಯಲ್ಲಿ ಹೋಗುತ್ತಿತ್ತು. ದೋಣಿಗೆ ಹಗ್ಗ ಕಟ್ಟಿ ದಡದ ಮೇಲೆ ಕುದುರೆ ಎಳೆಯುತ್ತಿತ್ತು, ಎಷ್ಟೋ ಕಡೆ ಮನುಷ್ಯನೇ ಎಳೆಯುತ್ತಿದ್ದ. ಅವರು ನಡೆದ ದಡದ ದಾರಿಯೇ ಇಂದಿನ ಸೈಕಲ್ ದಾರಿ. ನೀರು ಏರು ಹತ್ತುವುದಿಲ್ಲವಾದ್ದರಿಂದ ಆ ದಾರಿಯೂ ಏರುವುದಿಲ್ಲ. ಎತ್ತರ ಬದಲಾಗುವ ಕಡೆ ದೋಣಿಯನ್ನು ಮೆಟ್ಟಿಲಿನಂತೆ ಎತ್ತಿ ಇಳಿಸುವ ನೀರಿನ ಬಾಗಿಲುಗಳಿವೆ. ಅಲ್ಲಿ ಮಾತ್ರ ಹತ್ತಿಪ್ಪತ್ತು ಮಾರು ಸ್ವಲ್ಪ ಬಲವಾಗಿ ತುಳಿದರೆ ಸಾಕು.

ದಕ್ಷಿಣದಲ್ಲಿ ಟುಲೂಸ್ ನಗರದಿಂದ ಸಮುದ್ರದ ಕಡೆಗೆ ಹೋಗುವ ಕನಾಲ್ ದ್ಯು ಮಿದಿ ಇವುಗಳಲ್ಲಿ ಹೆಸರಾದುದು. ಉದ್ದ ಸುಮಾರು 240 ಕಿಲೋಮೀಟರು. ಪಿಯೆರ್ ಪೋಲ್ ರಿಕೆ ಎಂಬ ಉಪ್ಪಿನ ತೆರಿಗೆಯ ಗುತ್ತಿಗೆದಾರ 1666ರಲ್ಲಿ ಇದನ್ನು ಕೈಗೊಂಡ. 1681ರಲ್ಲಿ ಕಾಲುವೆ ತೆರೆಯುವುದಕ್ಕೆ ಕೆಲವೇ ತಿಂಗಳ ಹಿಂದೆ ತೀರಿಕೊಂಡ. ಕೆಲಸ ಭರದಲ್ಲಿದ್ದಾಗ ಸುಮಾರು ಹನ್ನೆರಡು ಸಾವಿರ ಜನ ಗುದ್ದಲಿ ಹಿಡಿದಿದ್ದರು; ಅವರಲ್ಲಿ ಹೆಂಗಸರೂ ಇದ್ದರು. ಇಲ್ಲಿ ಒಂದು ಸಂಗತಿ ಕೇಳಿ. ರಿಕೆ ತನ್ನ ಆಳುಗಳಿಗೆ ತಿಂಗಳ ಸಂಬಳ ಗೊತ್ತುಮಾಡಿದ್ದ. ಮಳೆ ಬಂದು ಕೆಲಸ ನಿಂತ ದಿನಕ್ಕೆ, ಭಾನುವಾರಕ್ಕೆ, ಕಾಯಿಲೆಯಿಂದ ಮಲಗಿದ ದಿನಕ್ಕೆ ಕೂಡ ಪಗಾರ ಕೊಡುತ್ತಿದ್ದ. ಮುನ್ನೂರೈವತ್ತು ವರ್ಷಗಳ ಹಿಂದಿನ ಮಾತು! ಅವನು ಧರ್ಮಕ್ಕೆ ಕೊಟ್ಟನೆಂದು ನಾವು ಭಾವಿಸುವುದಿಲ್ಲ. ಸುಗ್ಗಿ ಬಂತೆಂದು ಆಳು ಹೊಲಕ್ಕೆ ಓಡಿಹೋಗದಿರಲಿ ಎಂಬ ಲೆಕ್ಕವೇ ಇದ್ದಿರಬೇಕು. ಆದರೂ ಕೊಟ್ಟರೆ ಕೆಲಸ ಕೆಡುವುದಿಲ್ಲ ಎಂಬುದಕ್ಕೆ ಆ ಕಾಲುವೆ ಇಂದಿಗೂ ಸಾಕ್ಷಿಯಾಗಿ ಹರಿಯುತ್ತಿದೆ.

ಇದರ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 189 ಮೀಟರು ಮಾತ್ರ. ಟುಲೂಸಿನಿಂದ ಸುಮಾರು ಐವತ್ತು ಕಿಲೋಮೀಟರು ದಾರಿ ನುಣ್ಣಗಿದೆ. ಆಮೇಲೆ ಬೇರು, ಕಲ್ಲು, ಮಣ್ಣು ಬರುತ್ತವೆ. ತೆಳು ಟಯರಿನವರು ಅಲ್ಲಿ ಪಕ್ಕದ ಹಳ್ಳಿರಸ್ತೆಗೆ ಇಳಿಯುವುದು ಮೇಲು. ಎರಡು ಕಡೆಯ ಪ್ಲೇನ್ ಮರಗಳ ನೆರಳು ಆ ಕಾಲುವೆಯ ಸೊಬಗು. 2006ರಲ್ಲಿ ಒಂದು ಬೂಷ್ಟಿನ ರೋಗ ಅಲ್ಲಿ ಕಾಣಿಸಿಕೊಂಡು, ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ಅವುಗಳ ಜಾಗದಲ್ಲಿ ಬೇರೆ ಜಾತಿಯ ಸಸಿಗಳನ್ನು ನೆಟ್ಟಿದ್ದಾರೆ. ನೆರಳಾಗಲು ಕಾಲ ಹಿಡಿಯುತ್ತದೆ.

ಪಡುವಣದ ಬ್ರಿಟನಿ ಪ್ರಾಂತದಲ್ಲಿ ನಾಂತ್‌ನಿಂದ ಬ್ರೆಸ್ಟ್‌ಗೆ 364 ಕಿಲೋಮೀಟರಿನ ಇನ್ನೊಂದು ಕಾಲುವೆಯಿದೆ. ಇಂಗ್ಲಿಷರ ಹಡಗುಗಳು ಕರಾವಳಿಯನ್ನು ಕಟ್ಟಿಹಾಕಿದ್ದಾಗ, ಬಂದರುಗಳಿಗೆ ಒಳನಾಡಿನಿಂದ ಸರಕು ಸಾಗಿಸಲೆಂದು ನೆಪೋಲಿಯನ್ ಇದನ್ನು ಮಾಡಿಸಹೊರಟ. ಅದು ಮುಗಿದದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, 1842ರಲ್ಲಿ. ಗ್ಲೊಮೆಲ್ ಎಂಬಲ್ಲಿ ಗುಡ್ಡವನ್ನೇ ಸೀಳಿ ಮೂರು ಕಿಲೋಮೀಟರಿನ ಕಂದಕ ತೋಡಿದ್ದಾರೆ. ತೋಡಿದವರು ಬ್ರೆಸ್ಟ್‌ನ ಸೆರೆಮನೆಯ ಕೈದಿಗಳು, 1823ರಿಂದ 1832ರವರೆಗೆ. ಇಂದು ಅಲ್ಲಿ ಹಕ್ಕಿಯ ದನಿ ಬಿಟ್ಟರೆ ಬೇರೆ ಸದ್ದಿಲ್ಲ. ಆ ತಂಪಿನಲ್ಲಿ ಹೋಗುವವನು ಒಂದು ಗಳಿಗೆ ಪೆಡಲ್ ನಿಲ್ಲಿಸಿ ಅವರನ್ನು ನೆನೆದರೆ ತಪ್ಪಿಲ್ಲ.

ಎರಡನೆಯದು ನಿಂತುಹೋದ ರೈಲಿನ ದಾರಿ. ರೈಲಿಗೂ ಕಡಿದಾದ ಏರು ಆಗದು. ಆದುದರಿಂದ ಕಂಬಿ ಕಿತ್ತ ಮೇಲೆ ಉಳಿದ ನೆಲ ಸೈಕಲ್ಲಿಗೆ ಹೇಳಿಮಾಡಿಸಿದಂತಿರುತ್ತದೆ. ಬರ್ಗಂಡಿಯಲ್ಲಿ ಜಿವ್ರಿಯಿಂದ ಕ್ಲುನಿಯವರೆಗೆ 44 ಕಿಲೋಮೀಟರು ಹೀಗೆ ಡಾಂಬರು ಹಾಕಿ 1997ರಲ್ಲಿ ತೆರೆದರು. ದ್ರಾಕ್ಷಿತೋಟ, ಬಿಳಿಯ ದನಗಳು ಮೇಯುವ ಹುಲ್ಲುಗಾವಲು, ಕಲ್ಲಿನ ಇಗರ್ಜಿಗಳು ಒಂದಾದ ಮೇಲೊಂದು ಬರುತ್ತವೆ. ಕ್ಲುನಿ ದಾಟಿ ಮಾಕೋನಿನ ಕಡೆ ಹೋದರೆ ಒಂದೂವರೆ ಕಿಲೋಮೀಟರಿಗೂ ಉದ್ದವಾದ ಸುರಂಗ. ಚಳಿಗಾಲದಲ್ಲಿ ಅದರ ಬಾಗಿಲು ಹಾಕಿರುತ್ತಾರೆ. ಕಾರಣ ಕೇಳಿದರೆ, ಒಳಗೆ ಬಾವಲಿಗಳು ಮಲಗಿರುತ್ತವೆ! ಬಾವಲಿಯ ನಿದ್ದೆಗೆ ಬೆಲೆ ಕೊಡುವ ಈ ಮಾತನ್ನು ನಮ್ಮ ರಾತ್ರಿಪಾಳಿಯ ಬಂಧುಗಳು ಗಮನಿಸಬೇಕು.

ಲ್ವಾರ್ ನದಿಯ ದಡದ ದಾರಿ ಇವೆಲ್ಲಕ್ಕಿಂತ ಉದ್ದ. ನೆವೇರ್ ಪಟ್ಟಣದ ಬಳಿಯಿಂದ ಅಟ್ಲಾಂಟಿಕ್ ಸಮುದ್ರದವರೆಗೆ ಸುಮಾರು 900 ಕಿಲೋಮೀಟರು. ರಾಜರ ಅರಮನೆಗಳಿಗಾಗಿ ಜನ ಅಲ್ಲಿಗೆ ಹೋಗುತ್ತಾರೆ. ನಮಗೆ ಹೆಚ್ಚು ರುಚಿಸಿದ್ದು ಸೊಮ್ಯೂರ್ ಸುತ್ತಲಿನ ಗುಹೆಗಳ ಸಂಗತಿ. ಅರಮನೆಗಳ ಮೆದು ಬಿಳಿಕಲ್ಲನ್ನು ಅಲ್ಲಿನ ಗುಡ್ಡಗಳಿಂದ ಕೊರೆದು ತೆಗೆದರು. ಉಳಿದ ಗವಿಗಳಲ್ಲಿ ಬಡವರು ಬಾಗಿಲು, ಹೊಗೆಗೂಡು ಇಟ್ಟುಕೊಂಡು ಸಂಸಾರ ಮಾಡಿದರು. ಈಗ ಅಂಥ ಹಲವು ಗವಿಗಳಲ್ಲಿ ಅಣಬೆ ಬೆಳೆಯುತ್ತಾರೆ. ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ ಬೀಸುವುದರಿಂದ, ಬಲ್ಲವರು ಪಡುವಣದಿಂದ ಮೂಡಣಕ್ಕೆ ಹೊರಡುತ್ತಾರೆ.

ಇವುಗಳ ನಡುವೆ ಬಲೆಯಂತೆ ಹರಡಿರುವುದು ಹಳ್ಳಿರಸ್ತೆಗಳು. ಮಿಷ್ಲೆನ್ ಕಂಪನಿಯ ನಕ್ಷೆಯಲ್ಲಿ ದೊಡ್ಡ ರಸ್ತೆ ಕೆಂಪು, ಅದಕ್ಕಿಂತ ಚಿಕ್ಕದು ಹಳದಿ, ತೀರ ಚಿಕ್ಕದು ಬಿಳಿ. ಬಿಳಿಯದನ್ನು ಹಿಡಿದರೆ ಗಂಟೆಗೆ ಎರಡು ಮೂರು ಮೋಟಾರು ಎದುರಾದರೆ ಹೆಚ್ಚು ಅನ್ನಿಸುವ ಕಡೆಗಳುಂಟು. ಪಕ್ಕದಲ್ಲಿ ಹಸುರು ಗೆರೆಯಿದ್ದರೆ ನೋಟ ಚೆನ್ನಾಗಿದೆಯೆಂದು ಅರ್ಥ. ವಾಹನ ಬಲಗಡೆ ಹೋಗಬೇಕೆಂಬುದನ್ನು ಮಾತ್ರ ಮರೆಯಬಾರದು. ಊರ ಹೊರಗೆ ಸೈಕಲ್ಲನ್ನು ಹಿಂದೆ ಹಾಕುವ ಮೋಟಾರು ಒಂದೂವರೆ ಮೀಟರು ಜಾಗ ಬಿಡಬೇಕೆಂದು ಅಲ್ಲಿ ಕಾನೂನೇ ಇದೆ.

ಹೋಟೆಲಿನ ಬಂಧುಗಳಿಗೆ ಒಂದು ಮಾತು. ಅಲ್ಲಿನ ಹಳ್ಳಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಎರಡೂವರೆಗೆ ಹೋಗಿ ಏನಾದರೂ ಕೊಡಿ ಎಂದರೆ ಒಲೆ ಆರಿದೆ ಎನ್ನುತ್ತಾರೆ. ಗಿರಾಕಿಗೆ ಇದು ಕಷ್ಟವೇ. ಅಡಿಗೆಯವನಿಗೆ ಎಷ್ಟು ಸುಖವೆಂದು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ಬೆಳಿಗ್ಗೆಯೇ ರೊಟ್ಟಿಯಂಗಡಿಯಲ್ಲಿ ಉದ್ದನೆಯ ರೊಟ್ಟಿ, ಪಕ್ಕದಲ್ಲಿ ಚೀಸು, ಟೊಮೇಟೊ ಕಟ್ಟಿಕೊಂಡು ಹೊರಟರೆ ಶಾಕಾಹಾರಿಗೂ ಚಿಂತೆಯಿಲ್ಲ. ನೀರು ಬೇಕಾದರೆ ಊರಿನ ಸ್ಮಶಾನಕ್ಕೆ ಹೋಗಬೇಕು! ಗೋರಿಯ ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಸೈಕಲ್ಲಿನವರೆಲ್ಲ ಅಲ್ಲೇ ಬಾಟಲಿ ತುಂಬಿಸುವುದು. ಕುಡಿಯಬಾರದೆಂದು ಹಲಗೆ ಇದೆಯೇ ಎಂದು ನೋಡಿಕೊಂಡರಾಯಿತು.

ದಾರಿಯ ಮಾತು ಇಷ್ಟು. ಸೈಕಲ್ಲೂ ಆ ದೇಶದಲ್ಲಿ ಹಿಂದಿನಿಂದ ಇತ್ತು. ಸಾಂತೆತಿಯೆನ್ ಎಂಬ ಊರು ರಿಬ್ಬನ್ ನೇಯ್ಗೆಗೂ ಸೈಕಲ್ ತಯಾರಿಕೆಗೂ ಹೆಸರಾದುದು. ಅಲ್ಲಿ ರೇಷ್ಮೆ ವ್ಯಾಪಾರದಲ್ಲಿದ್ದ ಪೋಲ್ ದ ವಿವಿ ಎಂಬಾತ 1887ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆ ತೆಗೆದು, ಏರಿಗೊಂದು ಇಳಿತಕ್ಕೊಂದು ಗೇರು ಇರಬೇಕೆಂದು ಜೀವಮಾನವೆಲ್ಲ ವಾದಿಸಿದ. ಟೂರ್ ದ ಫ್ರಾನ್ಸ್‌ನವರು ಚೈನು ಬದಲಿಸುವ ಗೇರನ್ನು ಒಪ್ಪಿದ್ದು 1937ರಲ್ಲಿ, ಅವನು ಸತ್ತು ಏಳು ವರ್ಷಗಳಾದ ಮೇಲೆ. ಹಸಿವಾಗುವ ಮುನ್ನ ತಿನ್ನು, ಬಾಯಾರುವ ಮುನ್ನ ಕುಡಿ ಎಂಬುದು ಅವನ ಬುದ್ಧಿಮಾತಿನ ಸಾರ.

ದಾರಿ ಇತ್ತು, ಸೈಕಲ್ ಇತ್ತು. ಕೆಲಸಗಾರನಿಗೆ ಇಲ್ಲದಿದ್ದುದು ಬಿಡುವು. ಸೈಕಲ್ಲು ಖೋಲಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಖೋಲಿಗೆ ಓಡುತ್ತಿತ್ತು. 1936ರ ಮೇ ತಿಂಗಳಲ್ಲಿ ಪಾಪ್ಯುಲರ್ ಫ್ರಂಟ್ ಚುನಾವಣೆ ಗೆದ್ದಿತು. ಹೊಸ ಸರಕಾರ ಕುರ್ಚಿಯಲ್ಲಿ ಕೂರುವುದರೊಳಗೇ ಹರತಾಳ ಹಬ್ಬಿತು. ಸುಮಾರು ಇಪ್ಪತ್ತು ಲಕ್ಷ ಜನ ಕೆಲಸ ನಿಲ್ಲಿಸಿದರು. ಹೊರಗೆ ಹೋದರೆ ಬಾಗಿಲು ಹಾಕುತ್ತಾರೆಂದು ಕಾರ್ಖಾನೆಯ ಒಳಗೇ ಉಳಿದು, ಅಲ್ಲೇ ಉಂಡು, ಯಂತ್ರಗಳ ಪಕ್ಕದಲ್ಲೇ ಮಲಗಿದರು. ಜೂನ್ 7ರ ರಾತ್ರಿ ಮಾಲಿಕರು ಒಪ್ಪಂದಕ್ಕೆ ಬಂದರು. ಅದೇ ತಿಂಗಳು ವಾರಕ್ಕೆ ನಲವತ್ತು ಗಂಟೆಯ ಕಾನೂನೂ, ವರ್ಷಕ್ಕೆ ಎರಡು ವಾರ ಪಗಾರಸಹಿತ ರಜೆಯ ಕಾನೂನೂ ಬಂದವು.

ಆ ಬೇಸಗೆಯನ್ನು ಫ್ರೆಂಚರು ಇನ್ನೂ ಮರೆತಿಲ್ಲ. ಲಿಯೋ ಲಾಗ್ರಾಂಜ್ ಎಂಬ ಉಪಮಂತ್ರಿ ಕೆಲಸಗಾರರಿಗೆ ರೈಲಿನಲ್ಲಿ ನೂರಕ್ಕೆ ನಲವತ್ತು ಕಡಿಮೆ ದರದ ಟಿಕೀಟು ಕೊಡಿಸಿದ. ಆ ವರ್ಷವೇ ಸುಮಾರು ಆರು ಲಕ್ಷ ಟಿಕೀಟು ಹೋದವು. ಟಿಕೀಟಿಗೂ ಕಾಸಿಲ್ಲದವರು ಸೈಕಲ್ ಹತ್ತಿದರು. ಗಂಡಹೆಂಡತಿ ಇಬ್ಬರೂ ತುಳಿಯುವ ಜೋಡಿ ಸೈಕಲ್, ಹಿಂದೆ ಡೇರೆಯ ಗಂಟು. ಹುಟ್ಟಿದಾಗಿನಿಂದ ಸಮುದ್ರ ನೋಡದವರು ಮೊದಲ ಸಲ ಸಮುದ್ರ ನೋಡಿದರು. ಕಡಲತೀರದಲ್ಲಿ ಬಂಗಲೆಯಿದ್ದ ದೊಡ್ಡವರಿಗೆ ಇದು ಹಿಡಿಸಲಿಲ್ಲ. ‘ಪಗಾರದ ರಜೆಯವರು ಬಂದರು’ ಎಂದು ಮೂಗು ಮುರಿದರು. ಬೈಗುಳವಾಗಿ ಹುಟ್ಟಿದ ಆ ಮಾತು ಕೊನೆಗೆ ಅವರಿಗೇ ಮರೆತುಹೋಯಿತು. ರಜೆ 1956ರಲ್ಲಿ ಮೂರು ವಾರವಾಯಿತು, 1969ರಲ್ಲಿ ನಾಲ್ಕು, 1982ರಲ್ಲಿ ಐದು.

ನಮ್ಮಲ್ಲಿ 1948ರ ಕಾರ್ಖಾನೆ ಕಾನೂನು, ವರ್ಷದಲ್ಲಿ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೆ ಒಂದರಂತೆ ಪಗಾರಸಹಿತ ರಜೆ ಕೊಟ್ಟಿತು. ಕಾಗದದ ಮೇಲಿನ ಆ ರಜೆಯನ್ನು ಕೇಳಲು ಅಂಜಿ ಬಿಟ್ಟುಕೊಟ್ಟವರೆಷ್ಟೋ, ಊರಿನ ಮದುವೆ, ತಿಥಿ, ಕಾಯಿಲೆಗಳಿಗೇ ಮುಗಿಸಿದವರೆಷ್ಟೋ. ಸುಮ್ಮನೆ ಸುತ್ತಾಡಲು ರಜೆ ಎಂದರೆ ನಮ್ಮ ಹಿರಿಯರು ಇಂದಿಗೂ ಹುಬ್ಬು ಹಾರಿಸುತ್ತಾರೆ. ಏತಕ್ಕೆ ಹಾರಿಸಬೇಕೆಂದು ನಾವು ಅವರನ್ನು ವಿನಯದಿಂದಲೇ ಕೇಳುತ್ತೇವೆ.

ನಕ್ಷೆಯನ್ನು ಅಲ್ಲಿ ಮೇಜಿನ ಮೇಲೆ ಹರಡಿದ್ದೇವೆ. ಕಾಲುವೆಗಳು ನೀಲಿ, ರಸ್ತೆಗಳು ನಾವು ಹೇಳಿದ ಬಣ್ಣ. ಚಹಾ ಬರುವವರೆಗೆ ಬಂದು ನೋಡಿ, ಬೆರಳಿಟ್ಟು ತೋರಿಸುತ್ತೇವೆ.